ಅಂಗೈಯಲ್ಲಿ ಅಂಚೆಮನೆ

ಓಲೆ ಹೊತ್ತು ಓಡುವವನ ಕಾಲಿನ ವೇಗವೇ ಬಹುಕಾಲ ಸುದ್ದಿಯ ವೇಗವಾಗಿದ್ದಿತು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಅಂಚೆಯ ಏರ್ಪಾಡು 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಅಷ್ಟು ಹೊತ್ತಿಗೆ ರೈಲೂ ತಂತಿಯೂ ಬಂದಿದ್ದವು. ಆ ಬಳಿಕ ಟೆಲಿಫೋನು ಮನೆಮನೆಗೆ ಬಂದಿತು. ಇವುಗಳ ಚರಿತ್ರೆಯನ್ನು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಂಚೆಮನೆಯೇ ಮನುಷ್ಯನ ಅಂಗೈಗೆ ಇಳಿದು ಬಂದ ಕಥೆ, ಎಂದರೆ ಸುಮಾರು 1996ರಿಂದ 2008ರ ತನಕ ನಡೆದ ಒಂದು ಸ್ಪರ್ಧೆಯ ಕಥೆ, ನಮ್ಮ ಕಣ್ಣೆದುರಿಗೇ ನಡೆದು, ನಮ್ಮ ಕಣ್ಣೆದುರಿಗೇ ಮರೆತುಹೋಗುತ್ತಿದೆ. ನನ್ನ ತರಗತಿಯಲ್ಲಿ ಕುಳಿತ ಹುಡುಗ ಹುಡುಗಿಯರಿಗೆ ಫೋನೆಂದರೆ ಗಾಜಿನ ಒಂದು ಹಲಗೆ. ಅದು ಹುಟ್ಟಿದಂದಿನಿಂದಲೂ ಹಾಗೆಯೇ ಇದ್ದಿತೆಂದು ಅವರು ತಿಳಿದಿದ್ದಾರೆ. ಹಾಗಿರಲಿಲ್ಲ. ನಾಲ್ಕು ಮನೆತನಗಳು ನಾಲ್ಕು ಸಿದ್ಧಾಂತಗಳನ್ನು ಹಿಡಿದು ಹೋರಾಡಿದವು. ಅವುಗಳಲ್ಲಿ ಮೂರು ಸೋತವು. ಸೋತವು ಕೆಟ್ಟವಾಗಿದ್ದವೇ, ಗೆದ್ದದ್ದರಿಂದ ನಮಗಾದ ಲಾಭವೇನು, ನಷ್ಟವೇನು ಎಂಬುದನ್ನು ಈಗ ಸಮಾಧಾನದಿಂದ ನೋಡಬಹುದಾಗಿದೆ.

ಕನ್ನಡದ ಮೇಷ್ಟರಿಗೆ ಮೊಬೈಲಿನ ಗೊಡವೆ ಏಕೆ ಎಂದು ಕೇಳುವವರುಂಟು. ಗೊಡವೆ ಬರವಣಿಗೆಯದು. ಬರೆಯುವ ಸಾಧನ ಬದಲಾದರೆ ಬರೆಹವೂ ಬದಲಾಗುತ್ತದೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದುದರಿಂದಲೇ ನಮ್ಮ ಅಕ್ಷರಗಳು ದುಂಡಗಾದವು ಎಂದು ಲಿಪಿಯ ಚರಿತ್ರೆಯನ್ನು ಬಲ್ಲವರು ಹೇಳುತ್ತಾರೆ. ಹಾಗಿರುವಾಗ ಕಂಟವೂ ಇಲ್ಲದ, ಲೇಖನಿಯೂ ಇಲ್ಲದ, ಎರಡು ಹೆಬ್ಬೆರಳುಗಳಿಂದ ಬರೆಯುವ ಕಾಲ ಬಂದಾಗ ನಮ್ಮ ಲಿಪಿಗೆ ಏನಾಯಿತು ಎಂದು ವಿಚಾರಿಸುವುದು ಭಾಷೆಯನ್ನು ಕಲಿಸುವವನ ಕೆಲಸವೇ ಅಲ್ಲವೆ?

ಮೊದಲು ಪೀಠಿಕೆಯಾಗಿ ಎರಡು ಯಂತ್ರಗಳನ್ನು ಹೆಸರಿಸಬೇಕು. ಅಮೆರಿಕದ ಆಪಲ್ ಕಂಪೆನಿ 1993ರಲ್ಲಿ ನ್ಯೂಟನ್ ಎಂಬ ಕೈಗಣಕವನ್ನು ಹೊರತಂದಿತು. ಕಡ್ಡಿಯಿಂದ ಅದರ ಮುಖದ ಮೇಲೆ ನಮ್ಮದೇ ಕೈಬರೆಹದಲ್ಲಿ ಬರೆದರೆ ಅದು ಓದಿಕೊಳ್ಳುವುದೆಂದು ಹೇಳಿದರು. ಆರಂಭದಲ್ಲಿ ಅದು ಓದಿದ್ದು ಎಷ್ಟು ತಪ್ಪಾಗಿದ್ದಿತೆಂದರೆ ಪತ್ರಿಕೆಗಳ ವ್ಯಂಗ್ಯಚಿತ್ರಗಾರರಿಗೆ ಕೈತುಂಬ ಕೆಲಸ ಸಿಕ್ಕಿತು. ಮರುವರ್ಷ ಐಬಿಎಂ ಕಂಪೆನಿಯ ಸೈಮನ್ ಎಂಬುದು ಬಂದಿತು. ಫೋನೂ ಅದೇ, ಕಾಗದ ಕಳುಹಿಸುವ ಯಂತ್ರವೂ ಅದೇ, ದಿನಚರಿಯ ಪುಸ್ತಕವೂ ಅದೇ. ಅರ್ಧ ಕಿಲೋ ತೂಕ. ಒಂದು ಗಂಟೆ ಮಾತನಾಡಿದರೆ ಬ್ಯಾಟರಿ ಬರಿದು. ಸುಮಾರು 50,000 ಮಾರಾಟವಾಗಿ ಅದು ಕಣ್ಮರೆಯಾಯಿತು. ಈ ಎರಡೂ ಸೋತವಾದರೂ ಮುಂದಿನವರಿಗೆ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಟ್ಟು ಹೋದವು. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ಯಂತ್ರದೊಳಕ್ಕೆ ಮನುಷ್ಯ ತನ್ನ ಅಕ್ಷರವನ್ನು ಹೇಗೆ ತುಂಬಬೇಕು? ಇದೇ ಆ ಪ್ರಶ್ನೆ. ಸ್ಪರ್ಧೆಯೆಲ್ಲ ಇದರ ಸುತ್ತಲೇ ನಡೆಯಿತು.

ಮೊದಲನೆಯ ಉತ್ತರ ಜೆಫ್ ಹಾಕಿನ್ಸ್ ಎಂಬವರದು. ಯಂತ್ರವನ್ನು ಮಾಡುವ ಮುಂಚೆ ಅವರು ತಮ್ಮ ಅಂಗಿಯ ಜೇಬಿಗೆ ಸರಿಹೊಂದುವ ಒಂದು ಮರದ ತುಂಡನ್ನು ಕೆತ್ತಿಕೊಂಡರು. ಯಾರಾದರೂ ಭೇಟಿಯ ವೇಳೆ ಗೊತ್ತುಮಾಡಿದರೆ ಅದನ್ನು ಜೇಬಿನಿಂದ ತೆಗೆದು, ಕಡ್ಡಿಯಿಂದ ಬರೆದುಕೊಂಡಂತೆ ನಟಿಸಿ, ಮತ್ತೆ ಒಳಗಿಡುತ್ತಿದ್ದರು. ನೋಡಿದವರು ಏನೆಂದುಕೊಂಡರೋ! ಯಾವುದು ನಿಜಕ್ಕೂ ಬೇಕು, ಯಾವುದು ಬೇಡ ಎಂಬುದನ್ನು ಆ ಮರದ ತುಂಡು ಅವರಿಗೆ ಕಲಿಸಿತು. 1996ರಲ್ಲಿ ಪೈಲಟ್ ಎಂಬ ಹೆಸರಿನಿಂದ ಯಂತ್ರ ಹೊರಬಂದಿತು. ಬೆಲೆ 299 ಡಾಲರು; ಎರಡು ಸಣ್ಣ ಸೆಲ್ಲುಗಳು ವಾರಗಟ್ಟಲೆ ಬಾಳುತ್ತಿದ್ದವು. ಜಪಾನಿನ ಪೈಲಟ್ ಪೆನ್ನಿನ ಕಂಪೆನಿ ಆ ಹೆಸರಿಗೆ ತಕರಾರು ಮಾಡಿತು. ಲೇಖನಿಯ ಉತ್ತರಾಧಿಕಾರಿಯೆಂದು ಬಂದದ್ದು ಲೇಖನಿಯವರಿಂದಲೇ ಹೆಸರನ್ನು ಕಳೆದುಕೊಂಡು ಬರಿಯ ‘ಪಾಮ್’ ಎಂದಾಯಿತು. ಪಾಮ್ ಎಂದರೆ ಅಂಗೈ.

ಪಾಮ್‌ನ ವಿಶೇಷವೆಂದರೆ ಗ್ರಾಫಿಟಿ ಎಂಬ ಅದರ ಲಿಪಿ. ನ್ಯೂಟನ್ ಮನುಷ್ಯನ ಕೈಬರೆಹವನ್ನು ಕಲಿಯಲು ಹೊರಟು ಸೋತಿದ್ದಿತು. ಹಾಕಿನ್ಸ್ ಆ ವಾದವನ್ನು ತಿರುಗಿಸಿ ಹಾಕಿದರು. ಯಂತ್ರಕ್ಕೆ ಮನುಷ್ಯನ ಬರೆಹ ತಿಳಿಯದಿದ್ದರೆ ಮನುಷ್ಯನೇ ಯಂತ್ರದ ಬರೆಹವನ್ನು ಕಲಿಯಲಿ ಎಂದರು. ಒಂದೊಂದು ರೋಮನ್ ಅಕ್ಷರವನ್ನೂ ಕಡ್ಡಿ ಎತ್ತದೆ ಒಂದೇ ಗೀಟಿನಲ್ಲಿ ಬರೆಯಬೇಕು. ‘ಎ’ ಅಕ್ಷರಕ್ಕೆ ನಡುವಣ ಅಡ್ಡಗೆರೆ ಇಲ್ಲ. ಬರಿಯ ಗುಡಿಸಲಿನ ಮಾಡಿನಂತೆ ಎರಡು ಓರೆ ಗೆರೆ. ‘ಟಿ’ಗೆ ಒಂದು ಅಡ್ಡಗೆರೆ ಎಳೆದು ಹಾಗೆಯೇ ಕೆಳಕ್ಕಿಳಿದರೆ ಮುಗಿಯಿತು. ಅಕ್ಷರಾಭ್ಯಾಸವನ್ನು ಮತ್ತೊಮ್ಮೆ ಮಾಡುವುದೆಂದರೆ ಇದೇ. ಆಶ್ಚರ್ಯವೇನೆಂದರೆ, ಲಕ್ಷಾಂತರ ಜನ ಸಂತೋಷದಿಂದ ಕಲಿತರು! ಮನುಷ್ಯ ಎಷ್ಟು ಬೇಗ ಯಂತ್ರಕ್ಕೆ ಬಗ್ಗುತ್ತಾನೆಂಬುದಕ್ಕೆ ಇದು ಮೊದಲನೆಯ ಸಾಕ್ಷಿ. ಈ ಏಕರೇಖೆಯ ಅಕ್ಷರಗಳ ಕಲ್ಪನೆ ತಮ್ಮದೆಂದು ಜೆರಾಕ್ಸ್ ಕಂಪೆನಿ 1997ರಲ್ಲಿ ದಾವೆ ಹೂಡಿತು. ಕೊನೆಗೆ 2003ರಲ್ಲಿ ಪಾಮ್ ಆ ಲಿಪಿಯನ್ನೇ ಬದಲಿಸಬೇಕಾಯಿತು. ಲಿಪಿಯೊಂದು ಕೋರ್ಟಿನ ಕಟ್ಟೆ ಹತ್ತಿ ಪ್ರಾಣ ಬಿಟ್ಟದ್ದು ಚರಿತ್ರೆಯಲ್ಲಿ ಅಪರೂಪ.

ಎರಡನೆಯ ಉತ್ತರ ಫಿನ್ಲೆಂಡಿನ ನೋಕಿಯ ಕಂಪೆನಿಯದು. ಅದೇ 1996ರಲ್ಲಿ ಬಂದ ಅವರ ಕಮ್ಯುನಿಕೇಟರ್ ಹೊರಗಿನಿಂದ ದಪ್ಪನಾದ ಫೋನು. ಕನ್ನಡಕದ ಪೆಟ್ಟಿಗೆಯಂತೆ ಬಿಚ್ಚಿದರೆ ಒಳಗೆ ಅಗಲವಾದ ತೆರೆ, ಪೂರ್ತಿ ಕೀಲಿಮಣೆ. ತೂಕ 397 ಗ್ರಾಂ. ಇವರ ಸಿದ್ಧಾಂತ ಸರಳವಾದದ್ದು: ಆಫೀಸಿನ ಮೇಜನ್ನೇ ಕುಗ್ಗಿಸಿ ಕೈಗೆ ಕೊಡುವುದು. ಇ-ಮೇಲ್, ಫ್ಯಾಕ್ಸ್, ಜಾಲ ಎಲ್ಲವೂ ಇದ್ದವು. ಆದರೆ ಮೇಜಿನ ಸ್ವಭಾವವೂ ಅದರೊಂದಿಗೇ ಬಂದಿತು. ನಿಂತು ಬರೆಯುವುದಕ್ಕೆ ಅನುಕೂಲವಿಲ್ಲ. ಕುಳಿತು, ಬಿಚ್ಚಿ, ಹರವಿಕೊಂಡು ಬರೆಯಬೇಕು. ರೈಲಿನಲ್ಲಿ ಹೋಗುವ ದೊಡ್ಡ ಅಧಿಕಾರಿಗೆ ಅದು ಒಪ್ಪುತ್ತಿದ್ದಿತು. ಬಸ್ಸಿನ ಕಂಬಿ ಹಿಡಿದು ನಿಂತವನಿಗೆ ಅಲ್ಲ.

ಮೂರನೆಯ ಉತ್ತರ ಕೆನಡ ದೇಶದ ವಾಟರ್‌ಲೂ ಎಂಬ ಊರಿನಿಂದ ಬಂದಿತು. ಇಸ್ತಾಂಬುಲಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಕೆನಡಕ್ಕೆ ಹೋದ ಮೈಕ್ ಲಝಾರಿಡಿಸ್ ಎಂಬವರು 1984ರಲ್ಲಿ ಗೆಳೆಯ ಡಗ್ಲಸ್ ಫ್ರೆಗಿನ್ನರೊಡನೆ ‘ರಿಸರ್ಚ್ ಇನ್ ಮೋಷನ್’ ಎಂಬ ಕಂಪೆನಿಯನ್ನು ಕಟ್ಟಿದ್ದರು. 1999ರಲ್ಲಿ ಆ ಕಂಪೆನಿ ಬ್ಲ್ಯಾಕ್‌ಬೆರಿಯನ್ನು ಹೊರತಂದಿತು. ಕೀಲಿಮಣೆಯ ಪುಟ್ಟ ಗುಂಡಿಗಳು ಹಣ್ಣಿನ ಬೀಜಗಳಂತೆ ಕಂಡವೆಂದು ಆ ಹೆಸರು ಬಂದಿತೆಂದು ಕಥೆ. ಮೊದಲಿನವು ಫೋನುಗಳೇ ಅಲ್ಲ, ಅವುಗಳಲ್ಲಿ ಮಾತನಾಡುವಂತಿರಲಿಲ್ಲ. ಒಂದೇ ಒಂದು ಸೆಲ್ಲು ಹಾಕಿದರೆ ವಾರಗಟ್ಟಲೆ ನಡೆಯುವ, ಕಾಗದ ಬರೆಯುವ ಮತ್ತು ಓದುವ ಡಬ್ಬಿಗಳು ಅಷ್ಟೆ. ಆದರೆ ಅವುಗಳಲ್ಲಿ ಎರಡು ದೊಡ್ಡ ಕಾಣ್ಕೆಗಳಿದ್ದವು.

ಒಂದು, ಹೆಬ್ಬೆರಳು. ಮನುಷ್ಯ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದಾಗ ಬಿಡುವಾಗಿ ಉಳಿಯುವ ಬೆರಳು ಹೆಬ್ಬೆರಳೊಂದೇ. ಹಾಗಾದರೆ ಕೀಲಿಮಣೆ ಹೆಬ್ಬೆರಳಿಗಾಗಿಯೇ ಇರಲಿ ಎಂದು ಗುಂಡಿಗಳನ್ನು ಒಂದಿಷ್ಟು ಓರೆಯಾಗಿ, ಕಮಾನಿನಂತೆ ಜೋಡಿಸಿದರು. ಎರಡು ದಿನ ಅಭ್ಯಾಸವಾದರೆ ನೋಡದೆಯೇ ಬರೆಯಬಹುದಾಗಿದ್ದಿತು. ಇನ್ನೊಂದು, ಕಾಗದವೇ ಬಂದು ಬಾಗಿಲು ತಟ್ಟುವ ಏರ್ಪಾಡು. ಅದಕ್ಕೆ ಮುಂಚೆ ಇ-ಮೇಲ್ ಎಂದರೆ ನಾವೇ ಹೋಗಿ ವಿಚಾರಿಸಬೇಕಾದ ವಸ್ತು. ಅಂಚೆಮನೆಗೆ ಹೋಗಿ ‘ನನಗೇನಾದರೂ ಕಾಗದ ಬಂದಿದೆಯೇ’ ಎಂದು ಕೇಳಿದ ಹಾಗೆ. ಪಾಮ್‌ನವರು ಯಂತ್ರವನ್ನು ಕಂಪ್ಯೂಟರಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿ ಗುಂಡಿ ಒತ್ತಿದಾಗ ಮಾತ್ರ ಕಾಗದಗಳು ಬರುತ್ತಿದ್ದವು. ಬ್ಲ್ಯಾಕ್‌ಬೆರಿಯವರು ಆಫೀಸಿನಲ್ಲೇ ಒಂದು ಸರ್ವರನ್ನು ಇಟ್ಟರು. ಕಾಗದ ಬಂದ ಕೂಡಲೇ ಅದನ್ನು ಗುಪ್ತಲಿಪಿಗೆ ತಿರುಗಿಸಿ, ಕುಗ್ಗಿಸಿ, ತಮ್ಮದೇ ಕೇಂದ್ರದ ಮೂಲಕ ಜೇಬಿನ ಯಂತ್ರಕ್ಕೆ ದೂಡುತ್ತಿದ್ದರು. ಉದ್ದವಾದ ಕಾಗದವಾದರೆ ಮೊದಲ ತುಣುಕು ಮಾತ್ರ ಬರುತ್ತಿದ್ದಿತು. ಬೇಕೆಂದವನು ಉಳಿದದ್ದನ್ನು ತರಿಸಿಕೊಳ್ಳಬಹುದು. ನಿಧಾನವಾದ ಆ ಕಾಲದ ಜಾಲಗಳಲ್ಲಿ ಇದೊಂದು ಜಾಣ್ಮೆಯ ಮಿತವ್ಯಯ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲೂ ವಾಷಿಂಗ್ಟನ್ನಿನಲ್ಲೂ ಅನಾಹುತ ನಡೆದಾಗ ಮೊಬೈಲ್ ಫೋನುಗಳ ಜಾಲ ಕಿಕ್ಕಿರಿದು ನಿಂತುಹೋಯಿತು. ಬೇರೊಂದು ಜಾಲದ ಮೇಲೆ ನಡೆಯುತ್ತಿದ್ದ ಬ್ಲ್ಯಾಕ್‌ಬೆರಿಗಳು ಮಾತ್ರ ಕಾಗದ ಒಯ್ಯುತ್ತಲೇ ಇದ್ದವು. ಆ ಬಳಿಕ ಅಮೆರಿಕದ ಕೆಳಮನೆ ತನ್ನ ಸದಸ್ಯರಿಗೆಲ್ಲ ಅದನ್ನು ಒದಗಿಸಿತು. ಅಲ್ಲಿಂದ ಅದು ಅಧಿಕಾರದ ಲಾಂಛನವಾಯಿತು. ಚಟದ ಹೆಸರೂ ಆಯಿತು: ಕೊಕೇನಿನ ಒಂದು ಬಗೆಯ ಹೆಸರನ್ನು ಬೆರೆಸಿ ‘ಕ್ರ್ಯಾಕ್‌ಬೆರಿ’ ಎಂದು ಜನ ಕರೆದ ಪದವನ್ನು ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ನಿಘಂಟಿನವರು 2006ರ ವರ್ಷದ ಪದವೆಂದು ಆರಿಸಿದರು. ಊಟದ ನಡುವೆ, ಮಾತಿನ ನಡುವೆ, ನಿದ್ದೆಯ ನಡುವೆ ಜೇಬು ನಡುಗಿದರೆ ಕೈ ಹೋಗುವ ಈ ಅಭ್ಯಾಸ ಇಂದು ನಮಗೆಲ್ಲರಿಗೂ ಇದೆ. ಅದರ ಮೂಲಪುರುಷರು ಇವರೇ. ಕಾಗದಕ್ಕೂ ಉತ್ತರಕ್ಕೂ ನಡುವೆ ಇದ್ದ ಬಿಡುವು ಆಗಲೇ ಸತ್ತಿತು. ಆ ಬಿಡುವಿನಲ್ಲಿಯೇ ಮನುಷ್ಯ ಕೋಪವನ್ನು ನುಂಗಿ, ವಾಕ್ಯವನ್ನು ತಿದ್ದಿ, ವಿವೇಕವನ್ನು ಕಂಡುಕೊಳ್ಳುತ್ತಿದ್ದನೆಂಬುದನ್ನು ಮರೆಯಬಾರದು.

2005, 2006ರ ಸುಮಾರಿಗೆ ಒಬ್ಬ ಉದ್ಯೋಗಸ್ಥ ಇಂಥ ಯಂತ್ರವನ್ನು ಕೊಳ್ಳಬೇಕೆಂದು ಅಂಗಡಿಗೆ ಹೋದನೆನ್ನೋಣ. ಅವನ ಮುಂದೆ ಮೂರು ಯಂತ್ರಗಳು. ಒಂದು ಟ್ರಿಯೊ. ಹಾಕಿನ್ಸ್ ಪಾಮನ್ನು ಬಿಟ್ಟು 1998ರಲ್ಲಿ ಡೊನ್ನ ಡುಬಿನ್ಸ್ಕಿ ಮತ್ತು ಎಡ್ ಕಾಲಿಗನ್ ಅವರೊಡನೆ ಸ್ಥಾಪಿಸಿದ ಹ್ಯಾಂಡ್‌ಸ್ಪ್ರಿಂಗ್ ಕಂಪೆನಿಯ ಕೂಸು ಅದು. 2003ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಮತ್ತೆ ಪಾಮ್‌ನಲ್ಲೇ ಲೀನವಾಯಿತು. ಇನ್ನೊಂದು ಬ್ಲ್ಯಾಕ್‌ಬೆರಿ. ಮೂರನೆಯದು ನೋಕಿಯದವರ ಇ-61. ಮೂರಕ್ಕೂ ತೆರೆಯ ಕೆಳಗೆ ಹೆಬ್ಬೆರಳ ಕೀಲಿಮಣೆ. ಬ್ಲ್ಯಾಕ್‌ಬೆರಿಯ ವಾದ ಅಷ್ಟರಮಟ್ಟಿಗೆ ಗೆದ್ದಿದ್ದಿತು. ಗ್ರಾಫಿಟಿಯನ್ನು ಕಲಿಸಿದ ಹಾಕಿನ್ಸರೇ ಅದನ್ನು ಬಿಟ್ಟು ಗುಂಡಿಗಳಿಗೆ ಶರಣಾದರೆಂಬುದು ಗಮನಿಸಬೇಕಾದ ಸಂಗತಿ.

ಮೂರರಲ್ಲಿ ಹೆಚ್ಚು ಮನುಷ್ಯತ್ವವುಳ್ಳದ್ದು ಟ್ರಿಯೊ. ಅದರ ತೆರೆಯನ್ನು ಮುಟ್ಟಬಹುದಾಗಿದ್ದಿತು. ಸಭೆಯಲ್ಲಿ ಕುಳಿತಾಗ ಸದ್ದಡಗಿಸಲು ತಲೆಯ ಮೇಲೆಯೇ ಒಂದು ಪುಟ್ಟ ಸ್ವಿಚ್ಚು. ಒಬ್ಬನೊಡನೆ ನಡೆಸಿದ ಸಂದೇಶಗಳನ್ನೆಲ್ಲ ಒಂದರ ಕೆಳಗೊಂದು ಸಂಭಾಷಣೆಯಂತೆ ತೋರಿಸುವ ಕ್ರಮವನ್ನು ಫೋನಿಗೆ ತಂದವರಲ್ಲಿ ಅವರು ಮೊದಲಿನವರು. ಆದರೆ ಅದರ ತಳಹದಿ ಹಳೆಯದು. ಒಂದು ಕಾಲಕ್ಕೆ ಒಂದೇ ಕೆಲಸ ಮಾಡಬಲ್ಲುದಾಗಿದ್ದಿತು. ಬ್ಲ್ಯಾಕ್‌ಬೆರಿಗೆ ಮುಟ್ಟುವ ತೆರೆಯಿಲ್ಲ. 2006ರ ಪರ್ಲ್ ಬರುವ ತನಕ ಕ್ಯಾಮೆರವೂ ಇಲ್ಲ. ಜಾಲವನ್ನು ನೋಡಲು ಹೋದರೆ ಕಿಂಡಿಯಿಂದ ಜಾತ್ರೆ ನೋಡಿದಂತೆ. ಆದರೆ ಕಾಗದಕ್ಕೆ ಅದರ ಸಮ ಇನ್ನೊಂದಿಲ್ಲ. ನೋಕಿಯದ್ದರಲ್ಲಿ ವೈ-ಫೈ ಇದ್ದಿತು, ಮೂರನೆಯ ತಲೆಮಾರಿನ ಜಾಲವಿದ್ದಿತು, ಬೇಕಾದ್ದೆಲ್ಲವೂ ಇದ್ದಿತು. ಬೇಕಾದ್ದು ಎಲ್ಲಿದೆಯೆಂದು ಹುಡುಕುವುದೇ ಕಷ್ಟ. ನನ್ನನ್ನು ಕೇಳಿದರೆ, ಬರೆಯುವವನ ದೃಷ್ಟಿಯಿಂದ ಬ್ಲ್ಯಾಕ್‌ಬೆರಿಯೂ, ಬದುಕುವವನ ದೃಷ್ಟಿಯಿಂದ ಟ್ರಿಯೊವೂ ಮೇಲು ಎಂದೇನು.

2007ರ ಜನವರಿ 9ರಂದು ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಐಫೋನನ್ನು ಪ್ರದರ್ಶಿಸಿದರು. ಅಂದು ಅವರು ಈ ಮೂರರ ಮೇಲೆ ಹೊರಿಸಿದ ದೊಡ್ಡ ಆರೋಪ ಇದೇ: ಬೇಕಿರಲಿ, ಬೇಡವಿರಲಿ, ಆ ಗುಂಡಿಗಳು ಯಾವಾಗಲೂ ಅಲ್ಲೇ ಇರುತ್ತವೆ, ಬದಲಾಗುವುದಿಲ್ಲ ಎಂದು. ಆದ್ದರಿಂದ ಗುಂಡಿಗಳನ್ನೆಲ್ಲ ಕಿತ್ತು ಗಾಜನ್ನು ಇಟ್ಟರು. ಗುಂಡಿಯ ಸ್ಪರ್ಶವಿಲ್ಲದ ಗಾಜಿನ ಮೇಲೆ ಬೆರಳು ತಪ್ಪದೆ ಇರುವುದು ಹೇಗೆ? ಕೆನ್ ಕೊಸಿಯೆಂಡ ಎಂಬ ತಂತ್ರಜ್ಞರು ಇದಕ್ಕೊಂದು ಉಪಾಯ ಹೂಡಿದರು. ಬೆರಳು ತಪ್ಪಿದರೂ ನಿಘಂಟನ್ನು ನೋಡಿ ಉದ್ದೇಶಿಸಿದ ಪದವನ್ನು ಊಹಿಸಿ ತಿದ್ದುವಂತೆ ಯಂತ್ರಕ್ಕೆ ಕಲಿಸಿದರು. ಹೀಗೆ ನಾವು ಬರೆಯುತ್ತಿರುವಾಗಲೇ ನಮ್ಮ ಮಾತನ್ನು ಊಹಿಸುವ ಒಬ್ಬ ಗುಮಾಸ್ತೆ ಬರವಣಿಗೆಯೊಳಕ್ಕೆ ಬಂದು ಕುಳಿತ.

ಅಂದಿನ ಐಫೋನು ಕಾಗದ ಪತ್ರಗಳ ಕೆಲಸದಲ್ಲಿ ತನ್ನ ಎದುರಾಳಿಗಳಿಗಿಂತ ಹಿಂದೆಯೇ ಇದ್ದಿತೆಂಬುದನ್ನು ಇಂದಿನವರು ನಂಬಲಾರರು. ಒಂದು ಕಡೆಯ ವಾಕ್ಯವನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವ ಸೌಲಭ್ಯ 2009ರ ತನಕ ಇರಲಿಲ್ಲ. ಆಫೀಸಿನ ಎಕ್ಸ್‌ಚೇಂಜ್ ಅಂಚೆ 2008ರ ಜುಲೈವರೆಗೆ ಬರುತ್ತಿರಲಿಲ್ಲ. ಆದರೆ ಅದರ ಗಾಜಿನಲ್ಲಿ ಜಾಲದ ಪುಟ ಪುಟದಂತೆಯೇ ಕಾಣುತ್ತಿದ್ದಿತು. ಅದೇ ಜುಲೈಯಲ್ಲಿ ಆಪ್ ಸ್ಟೋರ್ ಎಂಬ ಅಂಗಡಿ ಸುಮಾರು 500 ಸರಕುಗಳೊಡನೆ ತೆರೆಯಿತು. ಅಕ್ಟೋಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಹೊತ್ತ ಮೊದಲ ಫೋನು ಬಂದಿತು. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ‘ಇದರಲ್ಲಿ ಕಾಗದ ಬರೆಯುವುದು ಎಷ್ಟು ಸುಲಭ’ ಎಂದು ಕೇಳುವುದನ್ನು ಬಿಟ್ಟು ಜನ ‘ಇದರಲ್ಲಿ ಇನ್ನೂ ಏನೇನಿದೆ’ ಎಂದು ಕೇಳತೊಡಗಿದರು. ಮೊದಲನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಹೇಳಬಲ್ಲವರೆಲ್ಲ ಎರಡನೆಯ ಪ್ರಶ್ನೆಯಲ್ಲಿ ತೇರ್ಗಡೆಯಾಗಲಿಲ್ಲ.

ಅವರ ಅಂತ್ಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಪಾಮ್ 2009ರಲ್ಲಿ ಪ್ರೀ ಎಂಬ ಸೊಗಸಾದ ಫೋನನ್ನು ಹೊರತಂದು, ಮರುವರ್ಷ ಎಚ್‌ಪಿ ಕಂಪೆನಿಗೆ 120 ಕೋಟಿ ಡಾಲರಿಗೆ ಮಾರಾಟವಾಗಿ, 2011ರ ಆಗಸ್ಟಿನಲ್ಲಿ ನಿಂತಿತು. ಅದರ ವೆಬ್‌ಓಎಸ್ ಎಂಬ ತಳಹದಿ ಈಗ ಎಲ್‌ಜಿ ಟೆಲಿವಿಷನ್ನುಗಳಲ್ಲಿ ಪುನರ್ಜನ್ಮ ಪಡೆದಿದೆ. ನೋಕಿಯ ತನ್ನ ಫೋನಿನ ವ್ಯಾಪಾರವನ್ನು ಮೈಕ್ರೋಸಾಫ್ಟಿಗೆ ಒಪ್ಪಿಸಿದ್ದು 2014ರಲ್ಲಿ. ಚೆನ್ನೈ ಬಳಿಯ ಶ್ರೀಪೆರಂಬದೂರಿನ ದೊಡ್ಡ ಕಾರ್ಖಾನೆ ಅದೇ ವರ್ಷ ಮುಚ್ಚಿ ಎಷ್ಟೋ ಮನೆಗಳ ಒಲೆ ಆರಿತು. ಬ್ಲ್ಯಾಕ್‌ಬೆರಿಯ ಕಾಗದಗಳೆಲ್ಲ ಅದರ ಸ್ವಂತ ಕೇಂದ್ರಗಳ ಮೂಲಕವೇ ಹೋಗಬೇಕಾಗಿದ್ದುದು ಅದರ ಬಲವೂ ಆಗಿದ್ದಿತು, ದೌರ್ಬಲ್ಯವೂ ಆಗಿದ್ದಿತು. 2011ರ ಅಕ್ಟೋಬರಿನಲ್ಲಿ ಅಂಥ ಕೇಂದ್ರವೊಂದು ಕೆಟ್ಟಾಗ ಯೂರೋಪು, ಆಫ್ರಿಕ, ಭಾರತಗಳಲ್ಲಿ ದಿನಗಟ್ಟಲೆ ಅಂಚೆ ನಿಂತಿತು. 2016ರಲ್ಲಿ ಕಂಪೆನಿ ಫೋನು ಮಾಡುವುದನ್ನು ತಾನಾಗಿ ಬಿಟ್ಟಿತು. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿಗಳ ಸೇವೆಗಳೆಲ್ಲ ನಿಂತವು.

ನಮ್ಮ ದೇಶದಲ್ಲಿ ಈ ಯಂತ್ರಗಳು ಬಹುಕಾಲ ಶ್ರೀಮಂತರ ಸೊತ್ತಾಗಿದ್ದವು. 2008ರ ಆಗಸ್ಟಿನಲ್ಲಿ ಐಫೋನು ಇಲ್ಲಿಗೆ ಬಂದಾಗ ಅದರ ಬೆಲೆ 31,000 ರೂಪಾಯಿ. ಎರಡು ವರ್ಷಗಳ ಬಳಿಕ ಬ್ಲ್ಯಾಕ್‌ಬೆರಿಗೂ ಕೇಂದ್ರ ಸರ್ಕಾರಕ್ಕೂ ವಿವಾದ ಹುಟ್ಟಿತು. ಗುಪ್ತಲಿಪಿಯಲ್ಲಿ ಹೋಗುವ ಕಾಗದಗಳನ್ನು ಭದ್ರತೆಯ ಕಾರಣಕ್ಕೆ ನೋಡುವ ಅವಕಾಶ ಕೊಡದಿದ್ದರೆ ಸೇವೆ ನಿಲ್ಲಿಸಬೇಕಾದೀತೆಂದು ಸರ್ಕಾರ ಗಡುವು ಕೊಟ್ಟಿತು. ಇತ್ಯರ್ಥವಾಗಲು 2013 ಬಂದಿತು. ಕಾಗದವನ್ನು ಒಡೆದು ನೋಡುವ ಅಧಿಕಾರ ಯಾರದು ಎಂಬ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂದಿದ್ದಿತು, ಅಷ್ಟೆ. ಸಂದೇಶದ ವೇಗ ಏನು ಮಾಡಬಲ್ಲುದೆಂಬುದನ್ನು ಬೆಂಗಳೂರು 2012ರ ಆಗಸ್ಟಿನಲ್ಲಿ ಕಂಡಿತು. ಫೋನಿನಿಂದ ಫೋನಿಗೆ ಹಬ್ಬಿದ ಸುಳ್ಳು ಸುದ್ದಿಯನ್ನು ಕೇಳಿ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲುನಿಲ್ದಾಣಕ್ಕೆ ನುಗ್ಗಿ ಊರು ಬಿಟ್ಟರು. ಸರ್ಕಾರ ಕೆಲವು ಕಾಲ ಸಗಟು ಸಂದೇಶಗಳನ್ನು ಐದಕ್ಕೆ ಮಿತಿಗೊಳಿಸಬೇಕಾಯಿತು.

ಬೆಂಗಳೂರು ಈ ಸ್ಪರ್ಧೆಯಲ್ಲಿ ಬರಿಯ ಪ್ರೇಕ್ಷಕನಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಎನ್‌ಕೋರ್ ಎಂಬ ಕಂಪೆನಿಯವರೊಡನೆ ಸೇರಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ರೂಪಿಸಿ 2001ರಲ್ಲಿ ಪ್ರಕಟಿಸಿದರು. ಅದು ಅಧಿಕಾರಿಯ ಜೇಬಿಗಾಗಿ ಹುಟ್ಟಿದ್ದಲ್ಲ, ಹಳ್ಳಿಗಾಗಿ ಹುಟ್ಟಿದ್ದು. ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಲೆಂದು ಅದರಲ್ಲಿ ಸ್ಮಾರ್ಟ್ ಕಾರ್ಡಿಗೆ ಸ್ಥಳವಿದ್ದಿತು. ಓದು ಬಾರದವನಿಗೆ ಬರೆಹವನ್ನು ಓದಿಹೇಳಲು ಕನ್ನಡ, ಹಿಂದಿಗಳಲ್ಲಿ ಮಾತನಾಡುವ ‘ಧ್ವನಿ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ‘ಅಮಿಡ’ ಎಂಬ ಹೆಸರಿನಲ್ಲಿ ತಯಾರಿಸಿತು. ಜಗತ್ತಿನ ಪತ್ರಿಕೆಗಳು ಹೊಗಳಿದವು. ಕೊಳ್ಳುವವರು ಮಾತ್ರ ನಿರೀಕ್ಷಿಸಿದಷ್ಟು ಬರಲಿಲ್ಲ. ಅದು ಫೋನಾಗಿ ಹುಟ್ಟಲಿಲ್ಲವೆಂಬುದು ಒಂದು ಕಾರಣವಿರಬಹುದು. ಮಾತಿನ ಆಸೆಗೆ ಫೋನು ಕೊಂಡವನ ಕೈಗೆ ಗಣಕ ತಾನಾಗಿ ಬಂದಿತು. ಗಣಕವೆಂದೇ ಕೊಳ್ಳಲು ಹೊರಟವರು ಕಡಮೆ. ಆದರೂ ಅಂಗೈಯ ಯಂತ್ರ ಕನ್ನಡದಲ್ಲಿ ಮಾತನಾಡಬೇಕೆಂದು ಅಷ್ಟು ಮುಂಚೆ ಯೋಚಿಸಿದವರು ನಮ್ಮ ಊರಿನವರೆಂಬುದು ನೆನಪಿರಲಿ.

ಈಗ ಕನ್ನಡದ ಮಾತಿಗೆ ಬರೋಣ. ಟೈಪ್‌ರೈಟರಿನ ಮೇಲೆ ಕನ್ನಡವನ್ನು ಕೂರಿಸಲು ಅನಂತ ಸುಬ್ಬರಾಯರು ಪಟ್ಟ ಪಾಡನ್ನೇ ಕಂಪ್ಯೂಟರಿನ ಮೇಲೆ ಕೆ. ಪಿ. ರಾಯರು ಪಟ್ಟರು. ಅವರ ಕೀಲಿಮಣೆಯ ಜೋಡಣೆಯಿಂದಲೂ, ‘ಬರಹ’, ‘ನುಡಿ’ಗಳಂತಹ ತಂತ್ರಾಂಶಗಳಿಂದಲೂ 2000ದ ಸುಮಾರಿಗೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕನ್ನಡ ಸುಖವಾಗಿಯೇ ಇದ್ದಿತು. ಅಂಗೈಯಲ್ಲಿ ಹಾಗಿರಲಿಲ್ಲ. ನಮ್ಮ ಅಂಗಡಿಗಳಲ್ಲಿ ದೊರೆಯುತ್ತಿದ್ದ ಬ್ಲ್ಯಾಕ್‌ಬೆರಿ, ಟ್ರಿಯೊಗಳ ಗುಂಡಿಗಳ ಮೇಲೆ ಇದ್ದವು ರೋಮನ್ ಅಕ್ಷರಗಳು. ಬಡವರ ಹನ್ನೆರಡು ಗುಂಡಿಯ ಫೋನಿನಲ್ಲೂ ಬಹುಮಟ್ಟಿಗೆ ಅವೇ. ನಾನು ಎಂ.ಎ. ಓದುತ್ತಿದ್ದಾಗ ಅಂಥ ಫೋನಿನಲ್ಲಿ ‘ಕನ್ನಡ’ ಎಂದು ರೋಮನ್ನಿನಲ್ಲಿ ಬರೆಯಬೇಕಾದರೆ ಹತ್ತು ಸಲ ಗುಂಡಿ ಒತ್ತಬೇಕಾಗಿದ್ದಿತು, ಒತ್ತಿದೆವು, ಅಭ್ಯಾಸವಾಯಿತು.

ಲೆಕ್ಕಾಚಾರವೂ ನಮಗೆ ವಿರೋಧವಾಗಿಯೇ ಇದ್ದಿತು. ಎಸ್.ಎಂ.ಎಸ್. ಎಂಬ ಸಂದೇಶಕ್ಕೆ ರೋಮನ್ನಿನಲ್ಲಿ 160 ಅಕ್ಷರಗಳ ಅವಕಾಶ. ಕನ್ನಡದಂತಹ ಲಿಪಿಗೆ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ, ಒತ್ತಕ್ಷರದ ಕೊಂಡಿ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಪ್ರೀತಿ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರದ ಲೆಕ್ಕದಲ್ಲಿ ಆರು. ಸಂದೇಶಕ್ಕಿಷ್ಟೆಂದು ಹಣ ತೆರುತ್ತಿದ್ದ ಕಾಲದಲ್ಲಿ ಕನ್ನಡದಲ್ಲಿ ಪ್ರೀತಿ ತೋರಿಸುವುದು ದುಬಾರಿಯಾಗಿದ್ದಿತು ಎಂದರೆ ತಮಾಷೆಯಲ್ಲ. ಇನ್ನು ಬಂದ ಕನ್ನಡವನ್ನು ಓದುವ ಪಾಡು ಬೇರೆ. ಒತ್ತನ್ನು ಅಕ್ಷರದ ಅಡಿಗೆ, ಇ-ಕಾರವನ್ನು ಅದರ ತಲೆಗೆ ಕೂರಿಸಲು ಬಾರದ ಯಂತ್ರದಲ್ಲಿ ಸಾಲು ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಳ್ಳುವ ಒಪೆರ ಮಿನಿ ಎಂಬುದರ ಒಂದು ಉಪಾಯವನ್ನು ಕನ್ನಡದ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು ಕನ್ನಡ ಓದಿದ ದಿನಗಳವು.

ಇಲ್ಲಿಯೇ ಈ ಸ್ಪರ್ಧೆಯ ಫಲಿತಾಂಶ ನಮಗೆ ಮುಖ್ಯವಾಗುವುದು. ಗುಂಡಿಯ ಮೇಲೆ ಅಚ್ಚಾದ ಅಕ್ಷರ ಬದಲಾಗದು. ಗಾಜಿನ ಮೇಲೆ ಮೂಡುವ ಅಕ್ಷರ ಬೆರಳಿನ ಒಂದು ಸ್ಪರ್ಶಕ್ಕೆ ‘ಅ ಆ ಇ ಈ’ ಆಗಬಲ್ಲುದು. ಬರೆಯುವವನ ದೃಷ್ಟಿಯಿಂದ ಮೇಲು ಎಂದು ನಾನು ಹೊಗಳಿದ ಬ್ಲ್ಯಾಕ್‌ಬೆರಿ ಇಂಗ್ಲಿಷ್ ಬರೆಯುವವನಿಗೆ ಮೇಲಾಗಿದ್ದಿತು. ಅದೇ ಗೆದ್ದಿದ್ದರೆ ಕನ್ನಡದ ಐವತ್ತು ಚಿಲ್ಲರೆ ಅಕ್ಷರಗಳಿಗೆ ಆ ಕೀಲಿಮಣೆಯಲ್ಲಿ ಜಾಗ ಎಲ್ಲಿಂದ ಬರಬೇಕಾಗಿದ್ದಿತು? ಗುಂಡಿಗಳು ಬದಲಾಗುವುದಿಲ್ಲ ಎಂದು ಜಾಬ್ಸ್ ಆಡಿದ ಮಾತು ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ್ದಲ್ಲ. ಆದರೂ ಅದರ ಪೂರ್ಣಾರ್ಥ ತಿಳಿಯುವುದು ಇಪ್ಪತ್ತಾರಕ್ಕಿಂತ ಹೆಚ್ಚು ಅಕ್ಷರಗಳಿರುವ ನಮ್ಮಂಥವರಿಗೇ.

ಬಾಗಿಲು ತೆರೆದದ್ದು 2007ರಲ್ಲಿ. ಕನ್ನಡ ಒಳಗೆ ಬಂದದ್ದು ಬಹಳ ತಡವಾಗಿ. ಆಂಡ್ರಾಯ್ಡಿಗೆ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳ ಬೆಂಬಲ ಸೇರಿದ್ದು 2012ರ ಅವತರಣದಲ್ಲಿ. ಐಫೋನು ತನ್ನದೇ ಕನ್ನಡ ಕೀಲಿಮಣೆಯನ್ನು ಕೊಟ್ಟದ್ದು 2017ರಲ್ಲಿ. ನಮ್ಮ ದೇಶದಲ್ಲಿ ಮಾರುವ ಫೋನುಗಳಲ್ಲಿ ಎಲ್ಲ 22 ಭಾಷೆಗಳನ್ನು ಓದಲು ಬರಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾಷೆಯಲ್ಲಿ ಬರೆಯಲು ಬರಬೇಕು ಎಂದು ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಎಂದರೆ, ಗಾಜು ಬಂದ ಮೇಲೂ ಐದರಿಂದ ಹತ್ತು ವರ್ಷ ಕನ್ನಡ ಹೊಸ್ತಿಲಿನಾಚೆ ನಿಂತಿದ್ದಿತು. ಆ ಹತ್ತು ವರ್ಷಗಳಲ್ಲಿಯೇ ಒಂದು ತಲೆಮಾರು ಬರೆಯಲು ಕಲಿಯಿತು, ಪ್ರೇಮಿಸಿತು, ಜಗಳವಾಡಿತು, ಮದುವೆಗೆ ಕರೆಯಿತು. ಎಲ್ಲವನ್ನೂ ಕನ್ನಡದಲ್ಲೇ, ಆದರೆ ರೋಮನ್ ಅಕ್ಷರಗಳಲ್ಲಿ.

ಅದರ ಫಲವನ್ನು ನಾನು ನಿತ್ಯವೂ ತರಗತಿಯಲ್ಲಿ ಕಾಣುತ್ತೇನೆ. ನನ್ನ ವಿದ್ಯಾರ್ಥಿಗಳ ಫೋನಿನಲ್ಲಿ ಇಂದು ಕನ್ನಡದ ಕೀಲಿಮಣೆ ಇದೆ. ಮಾತನಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯವೂ ಇದೆ. ಆದರೂ ಅವರು ತಮ್ಮ ತಾಯಿಗೆ ಕಳುಹಿಸುವ ಕನ್ನಡ ರೋಮನ್ನಿನಲ್ಲೇ ಇರುತ್ತದೆ. ‘ಹಾಲು’ ಯಾವುದು, ‘ಹಳ್ಳಿ’ಯ ಳಕಾರ ಯಾವುದು, ‘ಕಲಿ’ಗೂ ‘ಕಾಳಿ’ಗೂ ಇರುವ ಅಂತರವೇನು ಎಂಬುದನ್ನು ಆ ಬರೆಹ ತೋರಿಸಲಾರದು, ಓದುವವರು ಊಹಿಸಿಕೊಳ್ಳಬೇಕು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಲಕಾರ ಳಕಾರಗಳ, ಹ್ರಸ್ವ ದೀರ್ಘಗಳ ಭೇದ ಮಸುಕಾಗುತ್ತಿರುವುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಇದೂ ಒಂದಿರಬಹುದೆಂಬ ಸಂಶಯವನ್ನು ಬಿಡಲಾರೆ. ಆ ಮಕ್ಕಳಲ್ಲಿ ಭಾಷಾಭಿಮಾನವಿಲ್ಲವೆಂದು ಬೈಯುವುದು ಸುಲಭ, ಆದರೆ ಅನ್ಯಾಯ. ಅವರ ಹೆಬ್ಬೆರಳು ಅಕ್ಷರಾಭ್ಯಾಸ ಮಾಡಿದ ಹೊತ್ತಿನಲ್ಲಿ ಅಲ್ಲಿ ಕನ್ನಡವಿರಲಿಲ್ಲ.

ಗ್ರಾಫಿಟಿಯ ಕಥೆ ಇಲ್ಲಿ ಒಂದು ಧೈರ್ಯವನ್ನು ಕೊಡುತ್ತದೆ. ಒಂದು ಕಂಪೆನಿ ಕೇಳಿಕೊಂಡ ಮಾತ್ರಕ್ಕೆ ಲಕ್ಷಾಂತರ ಜನ ವಯಸ್ಸಾದ ಮೇಲೆ ಹೊಸ ಲಿಪಿಯೊಂದನ್ನು ಕೆಲವೇ ದಿನಗಳಲ್ಲಿ ಕಲಿತರು. ಹಾಗಿದ್ದ ಮೇಲೆ ಬಾಲ್ಯದಲ್ಲಿ ಮರಳಿನ ಮೇಲೋ ಸ್ಲೇಟಿನ ಮೇಲೋ ತಿದ್ದಿದ ಲಿಪಿಯನ್ನು ಬೆರಳಿಗೆ ಮತ್ತೆ ನೆನಪಿಸುವುದು ಎಷ್ಟರ ಕೆಲಸ? ನಾನು ಈ ವರ್ಷ ಮೊದಲ ವರ್ಷದ ತರಗತಿಯಲ್ಲಿ ವ್ಯಾಕರಣದ ಪಾಠಕ್ಕೆ ಮುಂಚೆ ಒಂದು ಗಂಟೆಯನ್ನು ಫೋನಿನ ಕನ್ನಡ ಕೀಲಿಮಣೆಗೆಂದು ಇಟ್ಟಿದ್ದೇನೆ. ಮನೆಗೊಂದು ಕಾಗದ ಬರೆಯಿರಿ ಎಂದು ಹೇಳುತ್ತೇನೆ, ಅಷ್ಟೆ. ಕೆಲವರ ಮನೆಯಿಂದ ಅದೇ ಗಂಟೆಯೊಳಗೆ ಕನ್ನಡದಲ್ಲೇ ಉತ್ತರ ಬರುತ್ತದೆ. ಅಂಚೆಮನೆ ಅಂಗೈಗೆ ಬಂದದ್ದಾಯಿತು. ಅದರಲ್ಲಿ ನಮ್ಮ ಅಕ್ಷರಕ್ಕೆ ಒಂದು ವಿಳಾಸವಿರುವಂತೆ ನೋಡಿಕೊಳ್ಳುವುದು ಮಾತ್ರ ಇನ್ನು ನಮ್ಮ ಬೆರಳುಗಳಿಗೆ ಬಿಟ್ಟದ್ದು.